ಅರವತ್ತು ಕಿಲೋಮೀಟರ್ ಆಚೆಯ ರಿಪೇರಿ: ಚಾಮರಾಜನಗರ, ಗುಂಡ್ಲುಪೇಟೆಯಲ್ಲಿ ಡೆಸ್ಕ್‌ಟಾಪ್ ಬದಲು ಲ್ಯಾಪ್‌ಟಾಪ್

ಗುಂಡ್ಲುಪೇಟೆಯ ಯಾವ ಫೋಟೊ ಸ್ಟುಡಿಯೊಗೆ ಹೋಗಿ, ಚಾಮರಾಜನಗರದ ಯಾವ ಡಿಟಿಪಿ ಅಂಗಡಿಗೆ ಹೋಗಿ, ಕರೆಂಟ್ ಹೋದ ಗಳಿಗೆಯಲ್ಲಿ ಕೇಳುವ ಸದ್ದು ಒಂದೇ. ಮೇಜಿನ ಕೆಳಗಿನ ಯುಪಿಎಸ್ ಕೀಂ ಕೀಂ ಎಂದು ಕೂಗತೊಡಗುತ್ತದೆ. ಕುರ್ಚಿಯಲ್ಲಿದ್ದವರ ಕೈ ಗಿರಾಕಿಯ ಮಾತನ್ನು ಅರ್ಧಕ್ಕೇ ಬಿಟ್ಟು ಸೇವ್ ಗುಂಡಿಯ ಕಡೆ ಓಡುತ್ತದೆ. ನಮ್ಮ ಕಡೆ ಹೆಚ್ಚಾಗಿ ಕಾಣುವ 600 ವಿಎ ಯುಪಿಎಸ್‌ನೊಳಗೆ ಇರುವುದು 12 ವೋಲ್ಟ್, 7 ಆಂಪಿಯರ್-ಅವರ್‌ನ ಒಂದು ಪುಟ್ಟ ಬ್ಯಾಟರಿ. ಗುಣಿಸಿದರೆ 84 ವ್ಯಾಟ್-ಅವರ್. ಇನ್ನೂರು ವ್ಯಾಟ್ ಎಳೆಯುವ ಕಂಪ್ಯೂಟರಿಗೆ ಅದು ಹತ್ತು ಹದಿನೈದು ನಿಮಿಷದ ಉಸಿರು. ಬ್ಯಾಟರಿಗೆ ಎರಡು ವರ್ಷ ತುಂಬಿದ್ದರೆ ಅಷ್ಟೂ ಇಲ್ಲ.

ಈ ಎರಡು ಊರುಗಳಲ್ಲಿ ಪರಿಚಯದವರು ಕಂಪ್ಯೂಟರ್ ಕೊಳ್ಳುವ ಮೊದಲು ನನ್ನನ್ನು ಒಂದು ಮಾತು ಕೇಳುವುದುಂಟು. ಹಿಂದೆ ಕೇಳುತ್ತಿದ್ದುದು ‘ಯಾವ ಕಂಪ್ಯೂಟರ್ ತಗೊಳ್ಳಲಿ’ ಎಂದು. ಈಗ ಕೇಳುವುದು ‘ಡೆಸ್ಕ್‌ಟಾಪ್ ತೆಗೆದುಬಿಟ್ಟು ಒಂದು ಒಳ್ಳೆ ಲ್ಯಾಪ್‌ಟಾಪ್ ತಗೊಂಡುಬಿಡಲಾ’ ಎಂದು. ಕೇಳುವುದಕ್ಕೆ ಕಾರಣವೂ ಇದೆ. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಸುಮಾರಾಗಿ ಎಂಟನೇ ತಲೆಮಾರಿನದೋ ಅದಕ್ಕಿಂತ ಹೊಸದೋ ಆದ ಪ್ರೊಸೆಸರ್ ಬೇಕು. ಹತ್ತು ವರ್ಷದ ಹಿಂದೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಜೋಡಿಸಿ ತಂದ ಪೆಟ್ಟಿಗೆಗಳಲ್ಲಿ ಇವೆರಡೂ ಇಲ್ಲ. ಹೇಗೂ ಬದಲಿಸಲೇಬೇಕು ಎಂದಮೇಲೆ ಲ್ಯಾಪ್‌ಟಾಪನ್ನೇ ಏಕೆ ತರಬಾರದು ಎಂಬುದು ನ್ಯಾಯವಾದ ಪ್ರಶ್ನೆ.

ಆದರೆ ಅಂಗಡಿಯವರಾಗಲಿ, ಯೂಟ್ಯೂಬ್‌ನ ವಿಮರ್ಶಕರಾಗಲಿ ಈ ಪ್ರಶ್ನೆಗೆ ಕೊಡುವ ಉತ್ತರ ವೇಗದ ಪಟ್ಟಿಯೊಂದೇ. ಇಷ್ಟು ಕೋರ್, ಇಷ್ಟು ಜಿಬಿ, ಇಷ್ಟು ಅಂಕ. ಇಷ್ಟು ವರ್ಷ ನೋಡಿದ ಮೇಲೆ ನನಗೆ ಗಟ್ಟಿಯಾಗಿರುವ ಅಭಿಪ್ರಾಯ ಬೇರೆ. ನಮ್ಮ ಊರುಗಳಲ್ಲಿ ದುಬಾರಿ ಲ್ಯಾಪ್‌ಟಾಪ್ ಉಳಿಯುವುದೋ ಅಳಿಯುವುದೋ ತೀರ್ಮಾನವಾಗುವುದು ಅದರ ವೇಗದಿಂದಲ್ಲ. ಕೆಟ್ಟ ದಿನ ಅದನ್ನು ಯಾರು ತೆರೆಯುತ್ತಾರೆ, ಎಲ್ಲಿ ತೆರೆಯುತ್ತಾರೆ ಎಂಬುದರಿಂದ. ಡೆಸ್ಕ್‌ಟಾಪ್ ಕೆಟ್ಟರೆ ಊರಿನ ಹುಡುಗನೇ ಬಂದು ಪಕ್ಕದ ತಗಡು ಬಿಚ್ಚಿ, ರ‍್ಯಾಮ್ ಕಿತ್ತು ರಬ್ಬರಿನಿಂದ ಉಜ್ಜಿ, ಎಸ್‌ಎಂಪಿಎಸ್ ಬದಲಿಸಿ ಸಂಜೆಯೊಳಗೆ ಎಬ್ಬಿಸಿ ಹೋಗುತ್ತಾನೆ. ಲ್ಯಾಪ್‌ಟಾಪ್ ಕೆಟ್ಟರೆ ಅದೇ ಹುಡುಗ ಹೇಳುವ ಮಾತು, “ಬೋರ್ಡು ಹೊಂಟೋಗದ ಕನಣ್ಣ, ಮೈಸೂರ್ಗ ಕಳುಸ್ಬೇಕು.” ಚಾಮರಾಜನಗರದಿಂದಲೂ ಗುಂಡ್ಲುಪೇಟೆಯಿಂದಲೂ ಮೈಸೂರು ಹೆಚ್ಚುಕಡಿಮೆ ಅರವತ್ತು ಕಿಲೋಮೀಟರ್. ಮದುವೆ ಸುಗ್ಗಿಯಲ್ಲಿ ಆ ಅರವತ್ತು ಕಿಲೋಮೀಟರ್ ಎಷ್ಟು ಉದ್ದವಾಗಬಲ್ಲದೆಂದು ಅನುಭವಿಸಿದವರಿಗೇ ಗೊತ್ತು. ನನ್ನದೇ ಒಂದು ಯಂತ್ರ ಹೀಗೆ ಹೋಗಿ, ಬಿಡಿಭಾಗ ಬಂದಿಲ್ಲವೆಂಬ ಒಂದೇ ಉತ್ತರ ಕೇಳಿಕೊಂಡು, ಮೂರು ವಾರ ಕಳೆದು ಮನೆಗೆ ಬಂತು.

ಡೆಸ್ಕ್‌ಟಾಪ್ ನಮ್ಮಲ್ಲಿ ಹೇಗೆ ಬೇರುಬಿಟ್ಟಿತು ಎಂಬುದನ್ನು ಇಲ್ಲಿ ನೆನೆಯಬೇಕು. 1997ರಲ್ಲಿ ಮೈಸೂರಿನಿಂದ ಬೇರೆಯಾಗಿ ಚಾಮರಾಜನಗರ ಜಿಲ್ಲೆಯಾಯಿತು. ಅದರ ಬೆನ್ನಿಗೇ ಭೂಮಿ ಯೋಜನೆಯ ಕಂಪ್ಯೂಟರುಗಳು ತಾಲ್ಲೂಕು ಕಚೇರಿಗಳಿಗೆ ಬಂದವು, ಕೈಬರಹದ ಪಹಣಿ ಹೋಗಿ ಅಚ್ಚಾದ ಪಹಣಿ ಬಂತು. ಕಚೇರಿಯ ಸುತ್ತ ಅರ್ಜಿ ಬರೆಯುವವರ ಜಾಗದಲ್ಲಿ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿಗಳು ಎದ್ದವು. ಶೇಷಾದ್ರಿವಾಸು ಅವರ ಕನ್ನಡ ತಂತ್ರಾಂಶ ‘ಬರಹ’ 1998ರಲ್ಲಿ ಬಂದಿತ್ತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರಿ ಕೆಲಸದ ತಂತ್ರಾಂಶವಾಯಿತು. ಮದುವೆಯ ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸೊಸೈಟಿಯ ನೋಟಿಸು, ಕರಾರುಪತ್ರ ಎಲ್ಲವೂ ಈ ಅಂಗಡಿಗಳ ಪೆಟ್ಟಿಗೆಗಳಲ್ಲೇ ಹುಟ್ಟಿದವು, ಅಲ್ಲೇ ಉಳಿದವು. ಹಾಗಾಗಿ ಇಲ್ಲಿ ಡೆಸ್ಕ್‌ಟಾಪ್ ತೆಗೆಯುವುದೆಂದರೆ ಇಪ್ಪತ್ತು ವರ್ಷದ ದಸ್ತಾವೇಜನ್ನೂ ಅದರ ಜೊತೆ ಹೊಂದಿಕೊಂಡ ಪ್ರಿಂಟರು, ಸ್ಕ್ಯಾನರು, ಬೆರಳಗುರುತು ಓದುವ ಯಂತ್ರಗಳನ್ನೂ ಎಬ್ಬಿಸಿ ಇನ್ನೊಂದು ಮನೆಗೆ ಸಾಗಿಸಿದ ಹಾಗೆ.

ಈಗ ಯಂತ್ರದ ಮಾತಿಗೆ ಬರೋಣ. ಡೆಸ್ಕ್‌ಟಾಪಿನ ಬದಲಿಗೆ ನಿಲ್ಲಬಲ್ಲ ಹೊತ್ತೊಯ್ಯುವ ಕಂಪ್ಯೂಟರ್ ಎಂಬ ಆಸೆ ಹಳೆಯದು. 1981ರಲ್ಲಿ ಬಂದ ಆಸ್‌ಬೋರ್ನ್ 1 ಹನ್ನೊಂದು ಕಿಲೋ ತೂಗುತ್ತಿತ್ತು. ಪರದೆ ಐದೇ ಇಂಚು, ಒಳಗೆ ಬ್ಯಾಟರಿ ಕೂಡ ಇರಲಿಲ್ಲ. ಇವತ್ತು ಹದಿನಾರು ಇಂಚಿನ ಪರದೆಯ, ಎರಡು ಎರಡೂವರೆ ಕಿಲೋ ತೂಕದ ಯಂತ್ರ ಹತ್ತು ವರ್ಷದ ಹಿಂದಿನ ಯಾವ ಸ್ಟುಡಿಯೊ ಕಂಪ್ಯೂಟರನ್ನೂ ಹಿಂದಿಕ್ಕುತ್ತದೆ. ಅಷ್ಟು ನಿಜ. ಆದರೆ ಇವತ್ತಿನ ಡೆಸ್ಕ್‌ಟಾಪಿಗೆ ಅದು ಸಮ ಎಂಬುದು ನಿಜವಲ್ಲ. ಹೆಸರು ಒಂದೇ ಇಟ್ಟು ಮಾಲು ಬೇರೆ ಕೊಡುವ ರೂಢಿಯಿಂದಾಗಿ ಇದು ಗಿರಾಕಿಯ ಕಣ್ಣಿಗೆ ಬೀಳುವುದಿಲ್ಲ.

ಎನ್‌ವಿಡಿಯಾದ ಆರ್‌ಟಿಎಕ್ಸ್ 4090 ನೋಡಿ. ಡೆಸ್ಕ್‌ಟಾಪಿನ 4090ರಲ್ಲಿ 16,384 ಕೋರ್, 24 ಜಿಬಿ ಮೆಮೊರಿ, 450 ವ್ಯಾಟ್ ಬಳಕೆ. ಲ್ಯಾಪ್‌ಟಾಪಿನ 4090ರಲ್ಲಿ 9,728 ಕೋರ್, 16 ಜಿಬಿ, ಹೆಚ್ಚೆಂದರೆ 175 ವ್ಯಾಟ್. ನಂತರ ಬಂದ 5090ರಲ್ಲೂ ಇದೇ ಕಥೆ: ಮೇಜಿನ ಮೇಲೆ 21,760 ಕೋರ್, ಮಡಿಲಲ್ಲಿ 10,496. ಅರ್ಧಕ್ಕೂ ಕಡಿಮೆ. ಅಷ್ಟೇ ಅಲ್ಲ, ಒಂದೇ ಹೆಸರಿನ ಲ್ಯಾಪ್‌ಟಾಪ್ ಚಿಪ್ಪುಗಳೂ ಒಂದೇ ಅಲ್ಲ. ಆರ್‌ಟಿಎಕ್ಸ್ 4060 ಲ್ಯಾಪ್‌ಟಾಪ್ ಚಿಪ್ಪನ್ನು 35 ವ್ಯಾಟಿನಿಂದ 115 ವ್ಯಾಟಿನವರೆಗೆ ಎಷ್ಟಕ್ಕೆ ಬೇಕಾದರೂ ಕಟ್ಟಿಹಾಕಲು ತಯಾರಕರಿಗೆ ಅವಕಾಶವಿದೆ. ತೆಳ್ಳಗಿನ ಚೆಲುವಾದ ಮಾದರಿಯಲ್ಲಿ ಅದು ಉಸಿರುಗಟ್ಟಿಕೊಂಡು ಕೆಲಸ ಮಾಡುತ್ತದೆ. ದಪ್ಪಗಿನ ಮಾದರಿಯಲ್ಲಿ ಪೂರ್ತಿ ಓಡುತ್ತದೆ. ಹಾಗಾಗಿ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ‘ಯಾವ ಗ್ರಾಫಿಕ್ಸ್ ಕಾರ್ಡ್’ ಎಂದಲ್ಲ, ‘ಎಷ್ಟು ವ್ಯಾಟಿನದು’ ಎಂದು. ಬಾಕ್ಸಿನ ಮೇಲೆ ಇಲ್ಲದಿದ್ದರೆ ತಯಾರಕರ ವಿವರಣೆಯಲ್ಲಿ ಟಿಜಿಪಿ ಎಂಬ ಹೆಸರಿನಲ್ಲಿ ಇರುತ್ತದೆ. ಅಲ್ಲೂ ಇಲ್ಲದಿದ್ದರೆ ಆ ಮಾದರಿಯನ್ನು ಬಿಟ್ಟುಬಿಡುವುದು ಲೇಸು.

ಇದಕ್ಕೂ ಮೊದಲು, ನಿಮಗೆ ಗ್ರಾಫಿಕ್ಸ್ ಕಾರ್ಡೇ ಬೇಕೇ? ನಮ್ಮ ಎರಡು ಊರುಗಳಲ್ಲಿ ದುಬಾರಿ ಯಂತ್ರ ನಿಜವಾಗಿ ಬೇಕಾದ ಕಸುಬು ನನ್ನ ಕಣ್ಣಿಗೆ ಕಂಡಂತೆ ಮುಖ್ಯವಾಗಿ ಒಂದು: ಮದುವೆಯ ಫೋಟೊ ಮತ್ತು ವಿಡಿಯೊ. ಗುಂಡ್ಲುಪೇಟೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಊಟಿಯ ಕಡೆಯ ಹೆದ್ದಾರಿ, ಸುಲ್ತಾನ್ ಬತ್ತೇರಿಯ ಕಡೆಯ ಹೆದ್ದಾರಿ, ಎರಡರ ಅಕ್ಕಪಕ್ಕದ ಹೊಲಗಳಲ್ಲಿ ಮುಂಗಾರಿನ ಸೂರ್ಯಕಾಂತಿ, ಚೆಂಡುಮಲ್ಲಿಗೆ ಅರಳಿದರೆ ಕೇರಳದಿಂದಲೂ ಜನ ಕಾರು ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ. ಮದುವೆಗೆ ಮುಂಚಿನ ಚಿತ್ರೀಕರಣ ಈಗ ಹೊಲಗಳಲ್ಲೇ ನಡೆಯುತ್ತದೆ. ಬೆಳಗಿನ ಜಾವ ಹೊಲ, ಮಧ್ಯಾಹ್ನ ಛತ್ರ, ಮರುದಿನ ಬೀಗರೂಟದಲ್ಲಿ ಪರದೆಯ ಮೇಲೆ ತೋರಿಸಲು ಹಾಡಿನ ತುಣುಕು ಸಿದ್ಧವಾಗಬೇಕು. ಬಂಡೀಪುರದ ಮೂಲಕ ಹೋಗುವ ಎರಡೂ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಬತ್ತೇರಿಯ ಮದುವೆಗೆ ಹೋದವರು ಗೇಟು ಹಾಕುವ ಹೊತ್ತಿಗೆ ಹಿಂತಿರುಗದಿದ್ದರೆ ರಾತ್ರಿ ಆ ಕಡೆಯೇ. ಅಂಥ ರಾತ್ರಿಯಲ್ಲಿ ಲಾಡ್ಜಿನ ಮೇಜಿನ ಮೇಲೆ ಎಡಿಟಿಂಗ್ ಮುಗಿಸಿಕೊಳ್ಳಬಲ್ಲವರಿಗೆ ಲ್ಯಾಪ್‌ಟಾಪಿನ ಬೆಲೆ ಗೊತ್ತು.

ಈ ಕಸುಬಿನವರು ನೋಡಬೇಕಾದ ಒಂದು ಸೂಕ್ಷ್ಮವಿದೆ, ಅದನ್ನು ಅಂಗಡಿಗಳಲ್ಲಿ ಯಾರೂ ಹೇಳುವುದಿಲ್ಲ. ಕರ್ನಾಟಕದ ಮದುವೆ ವಿಡಿಯೊದವರಲ್ಲಿ ಬಹಳಷ್ಟು ಜನ ಇಂದಿಗೂ ಎಡಿಯಸ್ ಎಂಬ ತಂತ್ರಾಂಶದಲ್ಲೇ ಕೆಲಸ ಮಾಡುತ್ತಾರೆ. ಕ್ಯಾಮೆರಾದ ಎಚ್.264, ಎಚ್.265 ಕಡತಗಳನ್ನು ಬಿಚ್ಚಿ ಓಡಿಸಲು ಎಡಿಯಸ್ ಬಹುಕಾಲದಿಂದ ನೆಚ್ಚಿಕೊಂಡಿರುವುದು ಇಂಟೆಲ್ ಪ್ರೊಸೆಸರಿನ ಒಳಗೇ ಇರುವ ಕ್ವಿಕ್ ಸಿಂಕ್ ಎಂಬ ಸೌಲಭ್ಯವನ್ನು. ಅದು ಪ್ರೊಸೆಸರಿಗೆ ಅಂಟಿಕೊಂಡ ಸಣ್ಣ ಗ್ರಾಫಿಕ್ಸ್‌ನ ಭಾಗ. ಎರಡು ಲಕ್ಷದ ಎನ್‌ವಿಡಿಯಾ ಯಂತ್ರ ಕೊಂಡರೂ ಅದರ ಪ್ರೊಸೆಸರ್ ಎಎಂಡಿಯದಾದರೆ ಕ್ವಿಕ್ ಸಿಂಕ್ ಇರುವುದಿಲ್ಲ. ಇಂಟೆಲ್ಲೇ ಇದ್ದರೂ, ಆಟದ ವೇಗ ಹೆಚ್ಚಲೆಂದು ಗ್ರಾಫಿಕ್ಸ್ ಕಾರ್ಡ್ ಒಂದನ್ನೇ ಬಳಸುವ ಆಯ್ಕೆಯನ್ನು ಒತ್ತಿಟ್ಟರೆ ಬಹುಪಾಲು ಯಂತ್ರಗಳಲ್ಲಿ ಆ ಸಣ್ಣ ಗ್ರಾಫಿಕ್ಸ್ ಮಲಗಿಬಿಡುತ್ತದೆ. ‘ಹೊಸ ಲ್ಯಾಪ್‌ಟಾಪ್ ಹಳೇ ಡೆಸ್ಕ್‌ಟಾಪಿಗಿಂತ ನಿಧಾನ’ ಎಂಬ ದೂರು ಕೇಳಿದಾಗ ನಾನು ಮೊದಲು ನೋಡುವುದು ಇದನ್ನೇ. ಹತ್ತು ಬಿಟ್‌ನ 4:2:2 ಬಣ್ಣದಲ್ಲಿ ಚಿತ್ರಿಸುವ ಹೊಸ ಕ್ಯಾಮೆರಾ ಇದ್ದವರಿಗೆ ಇದು ಇನ್ನೂ ಮುಖ್ಯ. ಆ ಬಗೆಯ ಎಚ್.265 ಕಡತವನ್ನು ಇಂಟೆಲ್ ಹನ್ನೊಂದನೇ ತಲೆಮಾರಿನಿಂದಲೇ ಸಲೀಸಾಗಿ ಬಿಚ್ಚುತ್ತದೆ, ಆ್ಯಪಲ್‌ನ ಎಂ ಸರಣಿಯ ಚಿಪ್ಪುಗಳೂ ಬಿಚ್ಚುತ್ತವೆ. ಎನ್‌ವಿಡಿಯಾ ಕಾರ್ಡುಗಳಿಗೆ ಆ ಸಾಮರ್ಥ್ಯ ಬಂದದ್ದು 2025ರ 50ನೇ ಸರಣಿಯಲ್ಲಿ. ಎಡಿಟಿಂಗ್ ತಂತ್ರಾಂಶ ಯಾವುದು, ಕ್ಯಾಮೆರಾ ಯಾವುದು ಎಂದು ಮೊದಲು ಬರೆದಿಟ್ಟುಕೊಂಡು ಆಮೇಲೆ ಯಂತ್ರ ಹುಡುಕಿ. ಒಂದು ಲಕ್ಷದ ಯಂತ್ರ ಎರಡು ಲಕ್ಷದ್ದನ್ನು ಹಿಂದೆ ಹಾಕುವುದು ಇಲ್ಲೇ.

ಜಾಗದ ಲೆಕ್ಕವನ್ನೂ ಮಾಡಿ. ಸೆಕೆಂಡಿಗೆ 100 ಮೆಗಾಬಿಟ್‌ನ 4ಕೆ ವಿಡಿಯೊ ಗಂಟೆಗೆ 45 ಜಿಬಿ ನುಂಗುತ್ತದೆ. ಎರಡು ಕ್ಯಾಮೆರಾ, ತಲಾ ನಾಲ್ಕು ಗಂಟೆ ಎಂದರೆ ಒಂದೇ ಮದುವೆಗೆ 360 ಜಿಬಿ. ಒಂದು ಟಿಬಿಯ ಎಸ್‌ಎಸ್‌ಡಿ ಎರಡು ಮದುವೆಗೆ ತುಂಬಿಹೋಯಿತು. ಡೆಸ್ಕ್‌ಟಾಪಿನ ಹೊಟ್ಟೆಯಲ್ಲಿ ನಾಲ್ಕು ಟಿಬಿಯ ಹಾರ್ಡ್‌ಡಿಸ್ಕ್ ಎರಡಾದರೂ ಕೂರುತ್ತಿದ್ದವು. ಲ್ಯಾಪ್‌ಟಾಪಿನಲ್ಲಿ ಆ ಜಾಗವಿಲ್ಲ. ಎಸ್‌ಎಸ್‌ಡಿ ಹಾಕಲು ಎರಡು ಎಂ.2 ಸ್ಲಾಟ್ ಇರುವ ಮಾದರಿಯನ್ನೇ ಆರಿಸಬೇಕು, ಮುಗಿದ ಕೆಲಸ ಹೊರಗಿನ ಡಿಸ್ಕಿಗೆ ಹೋಗಬೇಕು, ಅದರ ಇನ್ನೊಂದು ಪ್ರತಿ ಮತ್ತೊಂದು ಮನೆಯಲ್ಲಿರಬೇಕು. ಮದುವೆ ಒಂದೇ ಸಲ ಆಗುವುದು. ಡಿಸ್ಕ್ ಹೋಯಿತೆಂದು ಹೆಣ್ಣಿನ ತಂದೆಗೆ ಹೇಳುವ ಸ್ಥಿತಿ ಯಾವ ಫೋಟೊಗ್ರಾಫರಿಗೂ ಬರಬಾರದು.

ರ‍್ಯಾಮ್ ವಿಷಯದಲ್ಲಿ ನಾನು ಹಟಮಾರಿ. ಬಿಚ್ಚಿ ಬದಲಿಸಬಹುದಾದ ರ‍್ಯಾಮ್ ಇರುವ ಯಂತ್ರವನ್ನೇ ಕೊಳ್ಳಿ. ತೆಳು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮ್ ಅನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಮ್ಯಾಕ್‌ಬುಕ್‌ಗಳಲ್ಲಂತೂ ಚಿಪ್ಪಿನ ಜೊತೆಗೇ. ಕೊಂಡ ದಿನ ಎಷ್ಟಿತ್ತೋ ಸಾಯುವವರೆಗೂ ಅಷ್ಟೇ. 2025ರ ಕೊನೆಯಿಂದ ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳುತ್ತಿರುವುದರಿಂದ ರ‍್ಯಾಮ್ ಬೆಲೆ ಜಗತ್ತಿನಲ್ಲೆಲ್ಲ ಏರಿದೆ. ಇವತ್ತು 16 ಜಿಬಿ ಹಾಕಿಸಿ, ಬೆಲೆ ಇಳಿದಾಗ 32ಕ್ಕೆ ಏರಿಸುವ ದಾರಿ ಸ್ಲಾಟ್ ಇದ್ದವರಿಗೆ ಮಾತ್ರ ತೆರೆದಿರುತ್ತದೆ.

ಕರೆಂಟಿನ ವಿಷಯ ಬಂದರೆ ಲ್ಯಾಪ್‌ಟಾಪ್ ಪರವಾಗಿಯೇ ತಕ್ಕಡಿ ತೂಗುತ್ತದೆ, ಆದರೆ ಅಂದುಕೊಂಡಷ್ಟಲ್ಲ. ಅಕ್ಷರ ಜೋಡಣೆ, ಲೆಕ್ಕಪತ್ರ, ಇಂಟರ್ನೆಟ್ಟಿನ ಕೆಲಸಕ್ಕೆ ಲ್ಯಾಪ್‌ಟಾಪ್ ಎಳೆಯುವುದು ಹದಿನೈದರಿಂದ ಮೂವತ್ತು ವ್ಯಾಟ್. ವಿಮಾನದಲ್ಲಿ ಒಯ್ಯಲು ಇರುವ ಮಿತಿಯಿಂದಾಗಿ ದೊಡ್ಡ ಲ್ಯಾಪ್‌ಟಾಪುಗಳ ಬ್ಯಾಟರಿ ನೂರು ವ್ಯಾಟ್-ಅವರ್‌ಗೆ ನಿಲ್ಲುತ್ತದೆ. ಇಪ್ಪತ್ತು ವ್ಯಾಟಿನ ಕೆಲಸಕ್ಕೆ ಅದು ಐದು ಗಂಟೆ. ಚೆಸ್ಕಾಂನವರು ನಿರ್ವಹಣೆಗೆಂದು ಬೆಳಿಗ್ಗೆ ಹತ್ತರಿಂದ ಸಂಜೆವರೆಗೆ ಕರೆಂಟ್ ತೆಗೆದ ದಿನವೂ ಡಿಟಿಪಿ ಕೆಲಸ ಬಹುಮಟ್ಟಿಗೆ ಸಾಗುತ್ತದೆ. ಆದರೆ ಗ್ರಾಫಿಕ್ಸ್ ಕಾರ್ಡ್ ಇರುವ ವಿಂಡೋಸ್ ಯಂತ್ರಗಳು ಪ್ಲಗ್ ಕಿತ್ತ ಕ್ಷಣ ತಮ್ಮ ಓಟವನ್ನು ಬಹಳ ತಗ್ಗಿಸಿಕೊಳ್ಳುತ್ತವೆ. ಬ್ಯಾಟರಿ ಒಮ್ಮೆಗೆ ಅಷ್ಟು ಶಕ್ತಿ ಕೊಡಲಾರದು. ಕರೆಂಟಿದ್ದಾಗ ಅರ್ಧ ಗಂಟೆಗೆ ಮುಗಿಯುತ್ತಿದ್ದ ರೆಂಡರಿಂಗ್ ಆಗ ಎರಡು ಪಟ್ಟು, ಮೂರು ಪಟ್ಟು ಹೊತ್ತು ಹಿಡಿಯುತ್ತದೆ. ಬ್ಯಾಟರಿಯ ಮೇಲೂ ಬಹುತೇಕ ಅದೇ ವೇಗದಲ್ಲಿ ಓಡುವುದು ಆ್ಯಪಲ್ ಚಿಪ್ಪಿನ ಮ್ಯಾಕ್‌ಬುಕ್ ಪ್ರೊಗಳ ದೊಡ್ಡ ಗುಣ.

ಕರೆಂಟ್ ಹೋದಾಗಿನ ಈ ನಿಧಾನಕ್ಕೆ ಪರಿಹಾರ ಮನೆಯ ಇನ್ವರ್ಟರ್. ನೂರೈವತ್ತು ಆಂಪಿಯರ್-ಅವರ್‌ನ ಒಂದು ಬ್ಯಾಟರಿಯಲ್ಲಿ ಲೆಕ್ಕಕ್ಕೆ 1,800 ವ್ಯಾಟ್-ಅವರ್; ಸೋರಿಕೆ ಕಳೆದು ಸಾವಿರದ ಇನ್ನೂರು ಕೈಗೆ ಸಿಕ್ಕಿತೆನ್ನಿ. ಮುನ್ನೂರು ವ್ಯಾಟಿನ ಡೆಸ್ಕ್‌ಟಾಪಿಗೆ ಅದು ನಾಲ್ಕು ಗಂಟೆ. ಅರವತ್ತು ವ್ಯಾಟಿನ ಲ್ಯಾಪ್‌ಟಾಪಿಗೆ ಇಪ್ಪತ್ತು ಗಂಟೆ. ಒಂದೇ ಎಚ್ಚರ: ಇನ್ವರ್ಟರ್ ಸೈನ್ ವೇವ್ ಬಗೆಯದಾಗಿರಲಿ. ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಅಡಾಪ್ಟರ್ ಗುಂಯ್‌ಗುಟ್ಟುತ್ತ ಬಿಸಿಯಾಗುತ್ತದೆ. ಅರ್ತಿಂಗ್ ಸರಿಯಿಲ್ಲದ ಹಳೇ ಮನೆಗಳಲ್ಲಿ ಲೋಹದ ಲ್ಯಾಪ್‌ಟಾಪಿನ ಮೈ ಮುಟ್ಟಿದರೆ ಜುಮ್ಮೆನ್ನುವುದುಂಟು. ಅದನ್ನು ಯಂತ್ರದ ದೋಷವೆಂದುಕೊಂಡು ಅಂಗಡಿಗೆ ಹೊತ್ತೊಯ್ಯುವ ಮೊದಲು ಎಲೆಕ್ಟ್ರಿಷಿಯನ್ನನ್ನು ಕರೆಸಿ ಅರ್ತಿಂಗ್ ನೋಡಿಸಿ.

ಸದಾ ಪ್ಲಗ್ಗಿಗೆ ಅಂಟಿಕೊಂಡ ಲ್ಯಾಪ್‌ಟಾಪಿನ ಬ್ಯಾಟರಿ ಬೇಗ ಮುಪ್ಪಾಗುತ್ತದೆ. ಲೀಥಿಯಂ ಅಯಾನ್ ಬ್ಯಾಟರಿಗೆ ಎರಡು ಶತ್ರು, ಪೂರ್ತಿ ತುಂಬಿದ ಸ್ಥಿತಿ ಮತ್ತು ಬಿಸಿ. ಡೆಸ್ಕ್‌ಟಾಪಿನ ಜಾಗದಲ್ಲಿ ಕೂತದ್ದಕ್ಕೆ ಎರಡೂ ದಿನವಿಡೀ ತಪ್ಪಿದ್ದಲ್ಲ. ಈಗಿನ ಬಹುತೇಕ ಒಳ್ಳೆಯ ಯಂತ್ರಗಳಲ್ಲಿ ಶೇ 80ಕ್ಕೆ ಚಾರ್ಜ್ ನಿಲ್ಲಿಸುವ ಸೌಲಭ್ಯವಿದೆ. ತಂದ ದಿನವೇ ಅದನ್ನು ಒತ್ತಿಡಿ. ವಾರಕ್ಕೊಮ್ಮೆ ಬ್ಯಾಟರಿ ಪೂರ್ತಿ ಖಾಲಿ ಮಾಡಬೇಕೆಂಬುದು ಹಳೇ ನಿಕ್ಕಲ್ ಬ್ಯಾಟರಿಗಳ ಕಾಲದ ಮಾತು, ಈಗಿನದಕ್ಕೆ ಅದರಿಂದ ಕೇಡೇ. ಟಚ್‌ಪ್ಯಾಡ್ ಉಬ್ಬಿಕೊಂಡರೆ, ಕೆಳಗಿನ ಮುಚ್ಚಳ ಬಾಯಿಬಿಟ್ಟರೆ ಬ್ಯಾಟರಿ ಊದಿದೆ ಎಂದರ್ಥ. ಅಂದಿನಿಂದಲೇ ಅದನ್ನು ಬಳಸಬೇಡಿ.

ಧೂಳಿನ ಮಾತು ಬೇರೆಯಾಗಿಯೇ ಆಡಬೇಕು. ನಮ್ಮದು ಕರಿಕಲ್ಲಿನ ಸೀಮೆ. ಕ್ವಾರಿ, ಜಲ್ಲಿ ಕ್ರಷರ್, ಲಾರಿ ಓಡಾಡುವ ರಸ್ತೆ, ಅರಿಶಿನ ಪಾಲಿಶ್ ಮಾಡುವ ಯಂತ್ರ, ಬೇಸಿಗೆಯಲ್ಲಿ ಉತ್ತ ಹೊಲದ ಕೆಮ್ಮಣ್ಣು. ಡೆಸ್ಕ್‌ಟಾಪಿನ ದೊಡ್ಡ ಫ್ಯಾನಿಗೆ ಇದು ಅಷ್ಟಾಗಿ ತಟ್ಟುತ್ತಿರಲಿಲ್ಲ. ವರ್ಷಕ್ಕೊಮ್ಮೆ ಬ್ಲೋಯರ್ ಹಿಡಿದರೆ ಸಾಕಿತ್ತು. ಲ್ಯಾಪ್‌ಟಾಪಿನಲ್ಲಿ ಗಾಳಿ ಹಾಯುವ ತಾಮ್ರದ ರೆಕ್ಕೆಗಳ ನಡುವಿನ ಸಂದು ಒಂದು ಮಿಲಿಮೀಟರಿನ ಆಸುಪಾಸು. ಅಲ್ಲಿ ಧೂಳು ಕಂಬಳಿಯ ಹಾಗೆ ಹೆಣೆದುಕೊಂಡರೆ ಬಿಸಿ ಹೊರಗೆ ಹೋಗದೆ ಪ್ರೊಸೆಸರ್ ತಾನಾಗಿ ವೇಗ ತಗ್ಗಿಸಿಕೊಳ್ಳುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ, ಶೀಟಿನ ಮಾಡಿನ ಅಂಗಡಿಯಲ್ಲಿ, ಎರಡೂವರೆ ಲಕ್ಷದ ಲ್ಯಾಪ್‌ಟಾಪ್ ಅರವತ್ತು ಸಾವಿರದ್ದರ ಹಾಗೆ ಓಡುವುದನ್ನು ನೋಡಿದ್ದೇನೆ. ಅದಕ್ಕೇ ನನ್ನ ಒಲವು ದಪ್ಪ ಯಂತ್ರಗಳ ಕಡೆಗೆ. ಕೆಳಗಿನ ಮುಚ್ಚಳ ಸಾಮಾನ್ಯ ಸ್ಕ್ರೂಗಳಿಂದ ಬಿಚ್ಚುವಂತಿರಬೇಕು, ಫ್ಯಾನು ಕೈಗೆ ಸಿಗಬೇಕು. ಆಷಾಢದಲ್ಲಿ ಹೇಗೂ ಮದುವೆ ಇಲ್ಲ. ಆ ತಿಂಗಳಲ್ಲಿ ಒಮ್ಮೆ ಬಿಚ್ಚಿಸಿ, ಧೂಳು ತೆಗೆಸಿ, ಬಿಸಿ ದಾಟಿಸುವ ಪೇಸ್ಟ್ ಹೊಸದು ಹಾಕಿಸಿಟ್ಟರೆ ಶ್ರಾವಣಕ್ಕೆ ಯಂತ್ರ ಹೊಸದರ ಹಾಗೆ ಸಿದ್ಧ.

ಇನ್ನು ಕನ್ನಡ. ಮೇಲೆ ಹೇಳಿದ ಇಪ್ಪತ್ತು ವರ್ಷದ ದಸ್ತಾವೇಜಿನ ಬಹುಭಾಗ ಯೂನಿಕೋಡ್‌ನಲ್ಲಿಲ್ಲ; ‘ನುಡಿ 01 ಇ’ಯಂಥ ಹಳೇ ಫಾಂಟುಗಳಲ್ಲಿ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿ ಬರೆದದ್ದು. ಪೇಜ್‌ಮೇಕರ್‌ನಲ್ಲಿ ಕಟ್ಟಿದ ಲಗ್ನಪತ್ರಿಕೆಗಳ ಕಥೆಯೂ ಇದೇ. 2001ರ ಏಳನೇ ಆವೃತ್ತಿಯೇ ಪೇಜ್‌ಮೇಕರ್‌ನ ಕೊನೆಯದು, ಅದಕ್ಕೆ ಯೂನಿಕೋಡ್ ಕನ್ನಡ ಬಾರದು. ಹೊಸ ಯಂತ್ರಕ್ಕೆ ಕಡತಗಳನ್ನು ಸುರಿದ ಮೇಲೆ ತೆರೆದು ನೋಡಿದರೆ ಅರ್ಥವಾಗದ ಚಿಹ್ನೆಗಳ ಸಂತೆ. ಗಾಬರಿ ಬೇಡ. ಹಳೆಯ ಪೆಟ್ಟಿಗೆ ಓಡುತ್ತಿರುವಾಗಲೇ ಅದರ ಫಾಂಟುಗಳ ಫೋಲ್ಡರನ್ನು ಪೂರ್ತಿ ನಕಲು ಮಾಡಿಟ್ಟುಕೊಳ್ಳಿ, ಬೇಕಾದ ಕಡತಗಳನ್ನು ಪರಿವರ್ತಕದಿಂದ ಯೂನಿಕೋಡ್‌ಗೆ ತನ್ನಿ, ಒತ್ತಕ್ಷರ ಮತ್ತು ಅರ್ಕಾವೊತ್ತು ಕೆಟ್ಟಿವೆಯೇ ಎಂದು ಕಣ್ಣಾರೆ ಓದಿ ನೋಡಿ. ಬೇಸರದ ಕೆಲಸ, ನಿಜ. ಆದರೆ ಒಂದು ಊರಿನ ಇಪ್ಪತ್ತು ವರ್ಷದ ಬರಹ ಓದಲು ಬಾರದ ಹಾಗೆ ಮಣ್ಣಾಗುವುದನ್ನು ನೋಡಿಕೊಂಡು ಸುಮ್ಮನಿರಲು ನನ್ನಿಂದ ಆಗದು.

ಹಳೆಯದರ ಜೊತೆ ಹೊಂದಬೇಕಾದ ಇದೇ ಕಾರಣಕ್ಕೆ ಎರಡು ಬಗೆಯ ದುಬಾರಿ ಯಂತ್ರಗಳ ಬಗ್ಗೆ ಎಚ್ಚರ ಬೇಕು. ಒಂದು, 2024ರ ಮಧ್ಯದಿಂದ ಬರುತ್ತಿರುವ ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್ ಚಿಪ್ಪಿನ ವಿಂಡೋಸ್ ಲ್ಯಾಪ್‌ಟಾಪುಗಳು. ಬ್ಯಾಟರಿ ಅದ್ಭುತ, ಬಿಸಿಯೂ ಕಡಿಮೆ. ಆದರೆ ಅವು ಆರ್ಮ್ ಜಾತಿಯವು. ಹಳೇ ತಂತ್ರಾಂಶವನ್ನು ಹೇಗೋ ಅನುವಾದಿಸಿಕೊಂಡು ಓಡಿಸಿದರೂ, ಹಳೇ ಪ್ರಿಂಟರು, ಬೆರಳಗುರುತು ಓದುವ ಯಂತ್ರ, ತಂತ್ರಾಂಶದ ಬೀಗದ ಡಾಂಗಲ್ ಇವುಗಳ ಡ್ರೈವರನ್ನು ಆರ್ಮ್‌ಗಾಗಿಯೇ ಹೊಸದಾಗಿ ಬರೆದಿರದಿದ್ದರೆ ಕೆಲಸ ಮಾಡವು. ಗ್ರಾಮ ಒನ್ ಸೇವಾ ಕೇಂದ್ರ ನಡೆಸುವವರು ಅವನ್ನು ಕೊಳ್ಳಬಾರದು. ಎರಡು, ಮ್ಯಾಕ್‌ಬುಕ್. ಕನ್ನಡ ಬರೆಯಲು ಅದರಲ್ಲಿ ಕೀಲಿಮಣೆ ಇದೆ, ಯೂನಿಕೋಡ್ ಚೆನ್ನಾಗಿ ಕಾಣುತ್ತದೆ. ಆದರೆ ಎಡಿಯಸ್ ಆಗಲಿ, ಟ್ಯಾಲಿಯಾಗಲಿ, ನುಡಿಯಾಗಲಿ ವಿಂಡೋಸ್‌ಗೆಂದೇ ಮಾಡಿದವು. ಪ್ರೀಮಿಯರ್ ಪ್ರೊ ಅಥವಾ ಡಾವಿಂಚಿ ರಿಸಾಲ್ವ್ ಕಲಿತ ಹೊಸ ಹುಡುಗರಿಗೆ ಮ್ಯಾಕ್‌ಬುಕ್ ಪ್ರೊಗಿಂತ ಒಳ್ಳೆಯ ಸಂಗಾತಿ ಕಡಿಮೆ. ಹದಿನೈದು ವರ್ಷ ಎಡಿಯಸ್‌ನಲ್ಲಿ ಕೈ ಪಳಗಿಸಿಕೊಂಡವರಿಗೆ ಅದೊಂದು ಪರದೇಶ.

ಪರದೆಯ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಫೋಟೊದವರು ಎಸ್‌ಆರ್‌ಜಿಬಿ ಬಣ್ಣವನ್ನು ನೂರಕ್ಕೆ ನೂರು ತೋರಿಸುವ ಪರದೆಯನ್ನೇ ಕೇಳಿ ಪಡೆಯಬೇಕು. ಶೇ 45 ಎನ್‌ಟಿಎಸ್‌ಸಿ ಎಂದು ಬರೆದಿದ್ದರೆ ಅದರಲ್ಲಿ ಮದುಮಗಳ ರೇಷ್ಮೆ ಸೀರೆಯ ಕೆಂಪು ಇಟ್ಟಿಗೆಯ ಬಣ್ಣವಾಗುತ್ತದೆ, ಆಲ್ಬಮ್ ಅಚ್ಚಾಗಿ ಬಂದ ಮೇಲೆ ಜಗಳ. ಹೊಲದಲ್ಲಿ ನಿಂತು ನೋಡುವವರಿಗೆ 400 ನಿಟ್ಸ್‌ಗಿಂತ ಹೆಚ್ಚಿನ ಬೆಳಕು ಬೇಕು. ಅಂಗಡಿಯಲ್ಲಿ ದಿನಕ್ಕೆ ಎಂಟು ಗಂಟೆ ಕೂರುವವರು ಹಳೆಯ 24 ಇಂಚಿನ ಮಾನಿಟರನ್ನೂ ಕೀಬೋರ್ಡನ್ನೂ ಎಸೆಯದೆ ಲ್ಯಾಪ್‌ಟಾಪಿಗೇ ಜೋಡಿಸಿಕೊಳ್ಳಲಿ. ಬಗ್ಗಿದ ಕುತ್ತಿಗೆಯ ನೋವಿಗೆ ಯಾವ ಕಂಪನಿಯೂ ವಾರಂಟಿ ಕೊಡುವುದಿಲ್ಲ.

ವಾರಂಟಿ ಎಂದೆನಲ್ಲ, ಮೊದಲು ಎತ್ತಿದ ಮಾತಿಗೆ ಮರಳುತ್ತೇನೆ. ದುಬಾರಿ ಯಂತ್ರ ಕೊಳ್ಳುವಾಗ ನಮ್ಮ ಊರಿನವರು ಖರ್ಚು ಮಾಡಬೇಕಾದ ಕೊನೆಯ ಹತ್ತು ಹದಿನೈದು ಸಾವಿರ ಹೋಗಬೇಕಾದ್ದು ಇನ್ನೊಂದು ಮೆಟ್ಟಿಲು ಮೇಲಿನ ಗ್ರಾಫಿಕ್ಸ್ ಕಾರ್ಡಿಗಲ್ಲ, ಮೂರು ವರ್ಷದ ಆನ್‌ಸೈಟ್ ವಾರಂಟಿಗೆ. ಆನ್‌ಸೈಟ್ ಎಂದರೆ ಕಂಪನಿಯ ತಂತ್ರಜ್ಞರು ಬಿಡಿಭಾಗ ಹಿಡಿದು ನಿಮ್ಮಲ್ಲಿಗೇ ಬರುವುದು. ಆದರೆ ಬರುವ ಊರುಗಳ ಪಟ್ಟಿ ಪಿನ್‌ಕೋಡಿನ ಮೇಲೆ ನಿಂತಿರುತ್ತದೆ. ಹಣ ಕೊಡುವ ಮೊದಲು ಆ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ, 571313ಕ್ಕೆ ಬರುತ್ತೀರಾ, 571111ಕ್ಕೆ ಬರುತ್ತೀರಾ ಎಂದು ನೇರವಾಗಿ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ. ಮನೆ ಬಳಕೆಯ ಮಾದರಿಗಳಿಗಿಂತ ಕಚೇರಿಗಳಿಗೆಂದು ಮಾಡಿದ ಮಾದರಿಗಳಿಗೆ ಈ ಸೇವೆ ಚೆನ್ನಾಗಿರುತ್ತದೆ, ಬಿಡಿಭಾಗವೂ ಹೆಚ್ಚು ವರ್ಷ ಸಿಗುತ್ತದೆ. ಹೊರಗೆ ಹೊತ್ತು ತಿರುಗುವವರು ಬಿದ್ದು ಒಡೆದರೂ ರಿಪೇರಿ ಮಾಡಿಕೊಡುವ ವಿಮೆಯನ್ನೂ ಸೇರಿಸಿಕೊಳ್ಳಲಿ. ಜಿಎಸ್‌ಟಿ ನೋಂದಣಿ ಇರುವ ಅಂಗಡಿಯವರು ಬಿಲ್ಲನ್ನು ಅಂಗಡಿಯ ಹೆಸರಿಗೇ ಮಾಡಿಸಲಿ; ಲ್ಯಾಪ್‌ಟಾಪಿನ ಮೇಲಿನ ಶೇ 18 ತೆರಿಗೆಗೆ ಹೂಡುವಳಿ ತೆರಿಗೆ ಜಮೆ ಸಿಗುತ್ತದೆ, ಆದಾಯ ತೆರಿಗೆಯಲ್ಲಿ ಕಂಪ್ಯೂಟರಿಗೆ ವರ್ಷಕ್ಕೆ ಶೇ 40ರ ಸವಕಳಿ ಇದೆ.

ಹಾಗಾದರೆ ಯಾರಿಗೆ ಯಾವುದು? ಓಡಾಡುವ ಫೋಟೊ-ವಿಡಿಯೊದವರಿಗೆ, ಸೈಟಿನಿಂದ ಸೈಟಿಗೆ ಹೋಗುವ ಎಂಜಿನಿಯರಿಗೆ, ಮನೆಯಿಂದಲೂ ಬೆಂಗಳೂರಿನಿಂದಲೂ ಕೆಲಸ ಮಾಡುವ ಹುಡುಗ ಹುಡುಗಿಯರಿಗೆ ಹದಿನಾರು ಇಂಚಿನ, ತುಸು ದಪ್ಪಗಿನ, ಇಂಟೆಲ್ ಪ್ರೊಸೆಸರಿನ, ಮಧ್ಯಮ ದರ್ಜೆಯ ಗ್ರಾಫಿಕ್ಸ್ ಪೂರ್ತಿ ವ್ಯಾಟಿನಲ್ಲಿ ಓಡುವ, ರ‍್ಯಾಮ್ ಮತ್ತು ಎಸ್‌ಎಸ್‌ಡಿ ಬದಲಿಸಬಹುದಾದ ಯಂತ್ರ. ಮೂರು ನಾಲ್ಕು ಲಕ್ಷದ ಹದಿನೆಂಟು ಇಂಚಿನ ಮಾದರಿಗಳನ್ನು ಈ ಎರಡು ಊರುಗಳಲ್ಲಿ ನಾನು ಯಾರಿಗೂ ಹೇಳುವುದಿಲ್ಲ. ಮುನ್ನೂರಕ್ಕೂ ಹೆಚ್ಚು ವ್ಯಾಟಿನ ಇಟ್ಟಿಗೆಯಂಥ ಅಡಾಪ್ಟರ್ ಹೊತ್ತು, ಬ್ಯಾಟರಿ ಎರಡು ಗಂಟೆಗೂ ಬಾರದ ಯಂತ್ರಕ್ಕೆ ಅಷ್ಟು ಹಣ ಸುರಿಯುವವರು ಅದರ ಅರ್ಧ ಹಣದಲ್ಲಿ ಅದಕ್ಕಿಂತ ಗಟ್ಟಿ ಡೆಸ್ಕ್‌ಟಾಪನ್ನೂ ಉಳಿದುದರಲ್ಲಿ ಒಂದು ಸಾಧಾರಣ ಲ್ಯಾಪ್‌ಟಾಪನ್ನೂ ತರಬಹುದು.

ಕುರ್ಚಿ ಬಿಟ್ಟು ಏಳದ ಕಸುಬಿನವರು, ಅಂದರೆ ಡಿಟಿಪಿ, ಜೆರಾಕ್ಸ್, ಗ್ರಾಮ ಒನ್, ಟ್ಯಾಲಿಯವರು, ಡೆಸ್ಕ್‌ಟಾಪನ್ನು ಬಿಡಬೇಡಿ. ಅದನ್ನೇ ಒಮ್ಮೆ ಪರೀಕ್ಷಿಸಿ ನೋಡಿ. ಎಂಟನೇ ತಲೆಮಾರಿನದೋ ಅದಕ್ಕಿಂತ ಹೊಸದೋ ಆಗಿದ್ದರೆ ಬಯೋಸ್‌ನಲ್ಲಿ ಟಿಪಿಎಂ ಆನ್ ಮಾಡಿದರೆ ಸಾಕು, ಎಷ್ಟೋ ಯಂತ್ರಗಳು ವಿಂಡೋಸ್ 11ಕ್ಕೆ ಒಗ್ಗುತ್ತವೆ. ಹಾರ್ಡ್‌ಡಿಸ್ಕ್ ತೆಗೆದು ಒಂದು ಎಸ್‌ಎಸ್‌ಡಿ ಹಾಕಿದರೆ ಸತ್ತಂತಿದ್ದ ಪೆಟ್ಟಿಗೆ ಎದ್ದು ಕೂರುತ್ತದೆ. ಯುಪಿಎಸ್ ಬದಲು ಇನ್ವರ್ಟರಿಗೆ ತಂತಿ ಎಳೆಸಿಕೊಂಡರೆ ಕೀಂ ಕೀಂ ಸದ್ದಿನ ಕಾಟವೂ ತಪ್ಪುತ್ತದೆ.

ಲ್ಯಾಪ್‌ಟಾಪ್ ತಂದೇ ತರುತ್ತೇನೆ ಎನ್ನುವವರೂ ಹಳೆಯ ಪೆಟ್ಟಿಗೆಯನ್ನು ಅಂದೇ ಗುಜರಿಯವರಿಗೆ ಕೊಡಬೇಡಿ. ಒಂದು ಮದುವೆ ಸುಗ್ಗಿ ಪೂರ್ತಿ ಅದು ಮೂಲೆಯಲ್ಲಿರಲಿ. ಇಂಟರ್ನೆಟ್ ತಂತಿ ಕಿತ್ತು, ನುಡಿ, ಪೇಜ್‌ಮೇಕರ್, ಹಳೇ ಪ್ರಿಂಟರು ಇದ್ದ ಹಾಗೇ ಇರಲಿ. ಐದು ವರ್ಷದ ಹಿಂದಿನ ಕರಾರುಪತ್ರ ಕೇಳಿಕೊಂಡು ಯಾರಾದರೂ ತೆರಕಣಾಂಬಿಯಿಂದಲೋ ಬೇಗೂರಿನಿಂದಲೋ ಬಂದು ನಿಂತಾಗ ಅದನ್ನು ತೆರೆಯಬಲ್ಲದ್ದು ಆ ಪೆಟ್ಟಿಗೆಯೊಂದೇ ಆಗಿರಬಹುದು. ಆಮೇಲೆ, ಎಲ್ಲವೂ ಹೊಸದಕ್ಕೆ ಬಂದಿದೆ ಎಂದು ಖಾತ್ರಿಯಾದ ಮೇಲೆ, ಡಿಸ್ಕನ್ನು ಬಿಚ್ಚಿ ತೆಗೆದಿಟ್ಟುಕೊಂಡು ಉಳಿದದ್ದನ್ನು ನೋಂದಾಯಿತ ಇ-ತ್ಯಾಜ್ಯದವರಿಗೆ ಒಪ್ಪಿಸಿ.